ಥಾಣೆ ಖಾಡಿಯ ಕೆಸರು, ನೇತ್ರಾಣಿಯ ತಿಳಿನೀರು

ಪ್ರಶ್ನೆ: ಶೀತದೇಶಗಳ ಜನ ಹತ್ತಿರದ ತಣ್ಣನೆಯ ಕಡಲಲ್ಲೇ ಸ್ಕೂಬಾ ಮುಳುಗಿ ಜಲಚರಗಳನ್ನು ನೋಡುತ್ತಾರಂತೆ. ಥಾಣೆ ಬಳಿಯ ವಿಠ್ಠಲವಾಡಿಯವರಿಗೆ ಇದು ಸಾಧ್ಯವೇ?

ಉತ್ತರ: ಹತ್ತಿರದ ಥಾಣೆ ಖಾಡಿಯಲ್ಲಿ, ಅಂದರೆ ನೆಲದೊಳಕ್ಕೆ ಚಾಚಿದ ಕಡಲಿನ ಕಿರುತೋಳಿನಲ್ಲಿ, ಉಬ್ಬರವಿಳಿತಗಳು ನಿತ್ಯವೂ ಕೆಸರನ್ನು ಕಲಕುತ್ತಿರುವುದರಿಂದ ಮುಳುಗಿದವರಿಗೆ ಏನೂ ಕಾಣದು, 2022ರಲ್ಲಿ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ, ಎನಿಸಿದ ಆ ಖಾಡಿಯ ಸಂಪತ್ತನ್ನು ಫ್ಲೆಮಿಂಗೊಗಳು ಬಂದಿಳಿಯುವ ಕಾಲದಲ್ಲಿ ದೋಣಿಯಿಂದ ನೋಡುವುದೇ ಮೇಲು.

ಬೆನ್ನಿನ ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯನ್ನು ಉಸಿರಾಡುತ್ತ ಮುಳುಗುವ ಸ್ಕೂಬಾ ಕ್ರಮಕ್ಕೆ ಮಹಾರಾಷ್ಟ್ರದಲ್ಲಿ ಮಾಲ್ವಣವೂ ಕರ್ನಾಟಕದಲ್ಲಿ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪವೂ ಹೆಸರಾಗಿವೆ. ನೇತ್ರಾಣಿಯ ಬಂಡೆಗಳ ಮೇಲೆ ಹವಳಗಳು, ಅಂದರೆ ಸುಣ್ಣದ ಗೂಡು ಕಟ್ಟಿಕೊಂಡು ಒತ್ತಾಗಿ ಬಾಳುವ ಪುಟ್ಟ ಪ್ರಾಣಿಗಳು, ನೆಲೆಸಿದ್ದು, ಕೊಕ್ಕಿನಂಥ ಹಲ್ಲುಗಳಿಂದ ಅಲ್ಲಿನ ಪಾಚಿಯನ್ನು ಕೆರೆದು ತಿನ್ನುವ ಗಿಳಿಮೀನನ್ನು ಅವಸರವಿಲ್ಲದೆ ಒಂದೇ ಕಡೆ ತೇಲುತ್ತ ಗಮನಿಸುವವರಿಗೆ ನೂರು ಮೀನುಗಳ ಹಿಂದೆ ಓಡುವವರಿಗಿಂತ ಹೆಚ್ಚು ಕಾಣುತ್ತದೆ.

ತಣ್ಣೀರು ಕರ್ನಾಟಕದ ಕರಾವಳಿಗೂ ಬರುತ್ತದೆ, ಆದರೆ ಯಾರೂ ಮುಳುಗದ ಮಳೆಗಾಲದಲ್ಲಿ: ಆಗ ಗಾಳಿಯು ಮೇಲ್ನೀರನ್ನು ತೀರದಿಂದಾಚೆ ಸರಿಸಲು, ಆಳದ ತಂಪಾದ, ಪೋಷಕಾಂಶ ತುಂಬಿದ ನೀರು ಮೇಲೇರಿ ಪ್ಲವಕಗಳನ್ನು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು, ಹೇರಳವಾಗಿ ಬೆಳೆಸುತ್ತದೆ, ಬೂತಾಯಿ ಮೀನಿಗೆ ಅವೇ ಮುಖ್ಯ ಆಹಾರ.