ಹಳೆ ಮನೆಗೆ ಹೊಸ ಬಣ್ಣ: ಮೊದಲು ಸೂರು, ಆಮೇಲೆ ಗೋಡೆ

ಮನೆಯಲ್ಲಿ ಮದುವೆ ನಿಶ್ಚಯವಾಯಿತೆಂದರೆ ಹಳೆ ಗೋಡೆಗಳಿಗೆ ಗ್ರಹಚಾರ ಶುರುವಾಗುತ್ತದೆ. ಮಲೆನಾಡು, ಕರಾವಳಿಯ ತಲೆಮಾರು ಕಂಡ ಮನೆಗಳಲ್ಲಿ ಈಚೆಗೆ ನಡೆಯುವುದು ಹೆಚ್ಚುಕಡಿಮೆ ಒಂದೇ ಕ್ರಮ. ಅಜ್ಜನ ಕಾಲದ ಗಾರೆ ಕೆತ್ತಿ ಸಿಮೆಂಟು ಮೆತ್ತುತ್ತಾರೆ, ಪುಟ್ಟಿ ಎಳೆಯುತ್ತಾರೆ, ಪ್ಲಾಸ್ಟಿಕ್ ಎಮಲ್ಷನ್ ಬಳಿಯುತ್ತಾರೆ, ಮರದ ಮುಚ್ಚಿಗೆ ಕಾಣದಂತೆ ಪಿಒಪಿ ಸೀಲಿಂಗ್ ಕಟ್ಟಿಸುತ್ತಾರೆ. ಮದುವೆ ಫೋಟೊಗಳಲ್ಲಿ ಮನೆ ಮಿರಮಿರ ಮಿಂಚುತ್ತದೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ಬುಡದಲ್ಲಿ ಬಣ್ಣ ಗುಳ್ಳೆ ಎದ್ದು, ಹಕ್ಕಳೆಯಾಗಿ ಉದುರಿ, ಒಳಗಿನಿಂದ ಬಿಳಿ ಉಪ್ಪು ಹೊರಗೆ ಬರುತ್ತದೆ. ಪೇಂಟರನ್ನು ಬೈದು ಮತ್ತೊಂದು ಕೋಟು ಹೊಡೆಸುತ್ತಾರೆ. ಅದೂ ಉದುರುತ್ತದೆ.

ಆ ಗೋಡೆಗೆ ಆ ಬಣ್ಣ ಒಗ್ಗುವುದಿಲ್ಲ ಎಂಬುದನ್ನು ಯಾರಾದರೂ ಹೇಳಬೇಕಿತ್ತು.

ಗೋಡೆ ಯಾವುದರದ್ದು?

ಹಳೆ ಮನೆಗೆ ಬಣ್ಣ ಆರಿಸುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಮಲೆನಾಡಿನಲ್ಲಿ ಮಣ್ಣಿನ ಗೋಡೆ, ಕರಾವಳಿಯಲ್ಲಿ ಮುರಕಲ್ಲಿನ ಗೋಡೆ, ಹಳೆ ಮೈಸೂರಿನ ಪಟ್ಟಣಗಳಲ್ಲಿ ಇಟ್ಟಿಗೆ ಮತ್ತು ಸುಣ್ಣದ ಗಾರೆ. ಇವಕ್ಕೆಲ್ಲ ಸಮಾನವಾದ ಒಂದು ಸ್ವಭಾವವಿದೆ. ನೆಲದ ತೇವವನ್ನು ಇವು ಹೀರುತ್ತವೆ, ಬಿಸಿಲು ಬಂದಾಗ ಮೈಯಿಂದಲೇ ಹೊರಗೆ ಬಿಡುತ್ತವೆ. ಈಗಿನ ಮನೆಗಳ ಪಾಯದ ಮೇಲೆ ತೇವ ತಡೆಯುವ ಪದರ ಹಾಕುವಂತೆ ಆಗ ಹಾಕುತ್ತಿರಲಿಲ್ಲ. ಹೀರಿ ಬಿಡುವ ಗುಣವೇ ಅಂದಿನ ರಕ್ಷಣೆ.

ಅಂಥ ಗೋಡೆಗೆ ಸಿಮೆಂಟು, ಅದರ ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿಯುವುದೆಂದರೆ ಬೆವರುವ ಮೈಗೆ ಹತ್ತಿ ಬಟ್ಟೆ ಬಿಚ್ಚಿ ರೈನ್‌ಕೋಟು ತೊಡಿಸಿದಂತೆ. ಒಳಗಿನ ನೀರು ದಾರಿ ಹುಡುಕುತ್ತದೆ. ಜತೆಗೆ ಕರಗಿದ ಲವಣಗಳನ್ನೂ ಎಳೆದು ತಂದು ಬಣ್ಣದ ಹಿಂದೆ ಹರಳುಗಟ್ಟಿಸುತ್ತದೆ. ಹರಳು ಹಿಗ್ಗಿದಾಗ ಗಾರೆ ಸಿಡಿಯುತ್ತದೆ. ಬುಡಕ್ಕೆ ಟೈಲ್ಸ್ ಅಂಟಿಸಿದರೆ ತೇವ ಇನ್ನೂ ಮೇಲಕ್ಕೆ ಏರುತ್ತದೆ.

ಸುಣ್ಣದ ಗುಣ

ಸುಣ್ಣದ ಕಲ್ಲನ್ನೋ ಕಡಲ ಚಿಪ್ಪನ್ನೋ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಹರಳು ಸುಣ್ಣ ಉಳಿಯುತ್ತದೆ. ನೀರಿಗೆ ಹಾಕಿದಾಗ ಕೊತಕೊತ ಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ಮೆಲ್ಲಗೆ ಮರಳಿ ಪಡೆದು ಮತ್ತೆ ಕಲ್ಲಾಗುತ್ತದೆ. ಅದಕ್ಕೇ ಸುಣ್ಣದ ಗಾರೆಗೆ ಅವಸರ ಆಗದು. ಗಾಣದಲ್ಲಿ ಅರೆದ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸುತ್ತಿದ್ದುದು ಬಿಗಿ ಹೆಚ್ಚಲೆಂದು. ಸುಣ್ಣದ ಕ್ಷಾರದಲ್ಲಿ ಬೂಸ್ಟು ಸುಲಭಕ್ಕೆ ಬೆಳೆಯುವುದಿಲ್ಲ. ವರ್ಷಕ್ಕೊಮ್ಮೆ ದೀಪಾವಳಿಗೋ ಯುಗಾದಿಗೋ ಸುಣ್ಣ ಬಳಿಯುವ ಪದ್ಧತಿಯಲ್ಲಿ ಹಬ್ಬದ ಸಡಗರದಷ್ಟೇ ಆರೋಗ್ಯದ ವಿವೇಕವೂ ಇತ್ತು.

ಸುಣ್ಣಕ್ಕೆ ಕೊರತೆಯೂ ಇದೆ. ಒರಗಿದರೆ ಬಟ್ಟೆಗೆ ಅಂಟುತ್ತದೆ, ಒರೆಸಿ ತೊಳೆಯಲು ಬಾರದು, ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಆದರೆ ಆ ಖರ್ಚು ಚಿಕ್ಕದು, ಕೆತ್ತಿ ಹೊಸದಾಗಿ ಗಿಲಾವು ಮಾಡಿಸುವ ಖರ್ಚು ದೊಡ್ಡದು.

ತಲೆಯ ಮೇಲಿನದು

ಗೋಡೆಯ ಕಾಯಿಲೆಯ ಮೂಲ ಬಹಳ ಸಲ ಸೂರಿನಲ್ಲಿರುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹಬ್ಬಿದ ಮಂಗಳೂರು ಹೆಂಚು ಇಂದಿಗೂ ನಮ್ಮ ಹಳೆ ಮನೆಗಳ ಕೊಡೆ. ಒಂದು ಹೆಂಚು ಒಡೆದರೂ ನೀರು ರೀಪಿಗೆ ಇಳಿದು, ಪಕಾಸು ನೆನೆದು, ಗೋಡೆಯ ತಲೆಗೆ ಬರುತ್ತದೆ. ನೆನೆದ ಮರಕ್ಕೆ ಗೆದ್ದಲು ಬರುತ್ತದೆ. ಮುಚ್ಚಿಗೆಯ ಕೆಳಗೆ ಪಿಒಪಿ ಕಟ್ಟಿದರೆ ಇದೆಲ್ಲ ಕಣ್ಣಿಗೆ ಬೀಳುವುದು ಹಲಗೆ ಕುಸಿದ ದಿನವೇ. ಹಲಸು, ಹೊನ್ನೆ, ತೇಗದ ಮುಚ್ಚಿಗೆಯನ್ನು ತೆರೆದೇ ಇಟ್ಟು, ಧೂಳು ಒರೆಸಿ ಎಣ್ಣೆ ಹಚ್ಚಿದರೆ ಅದಕ್ಕಿಂತ ಚೆಂದದ ಸೀಲಿಂಗ್ ಇನ್ನೊಂದಿಲ್ಲ. ಕರಾವಳಿಯಲ್ಲಿ ಗೇರು ಎಣ್ಣೆ ಬಳಿಯುವುದು ಹುಳ ತಡೆಯುವ ಹಳೆ ಉಪಾಯ.

ಮೈಸೂರು, ಬೆಂಗಳೂರಿನ ಹಳೆ ಮನೆಗಳ ಮದರಾಸು ತಾರಸಿಯದು ಬೇರೆ ಕಥೆ. ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಮಗ್ಗುಲಾಗಿ, ಓರೆಯಾಗಿ ಜೋಡಿಸಿ, ಅದರ ಮೇಲೆ ಇಟ್ಟಿಗೆ ಚೂರು ಬೆರೆತ ಸುಣ್ಣ ಸುರಿದು, ಹೆಂಗಸರು ಸಾಲಾಗಿ ಕುಳಿತು ಮರದ ಕೊಡತಿಯಿಂದ ದಿನಗಟ್ಟಲೆ ಬಡಿದು ಗಟ್ಟಿ ಮಾಡಿದ ಚಾವಣಿ ಅದು. ಸೋರಿತೆಂದು ಮೇಲೆ ಕಾಂಕ್ರೀಟು ಹಾಕಿದರೆ ತೊಲೆಗೆ ಭಾರ ಹೆಚ್ಚುತ್ತದೆ. ಬಿರುಕನ್ನು ಸುಣ್ಣದ ಗಾರೆಯಿಂದಲೇ ತುಂಬಿಸುವುದು ಸರಿ.

ಕೆರೆಯುವ ಮುನ್ನ

ಹಳೆ ಗೋಡೆಯನ್ನು ಕೆರೆಯುವ ಕೈ ಒಂದು ಗಳಿಗೆ ನಿಲ್ಲಲಿ. ಸಾಗರ, ಸೊರಬ ಸೀಮೆಯ ದೀವರ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು ಬಳಸಿ, ಪುಂಡಿನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಾರೆ. ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಬಿಳಿ ಸುಣ್ಣದ ಮೇಲೆ ಕೆಂಪು ಪದರ ಕೊಟ್ಟು, ಹಸಿ ಇರುವಾಗಲೇ ಗೀರಿ ತೆಗೆದ ಕಾವಿ ಕಲೆ ಗುಡಿಗಳ ಗೋಡೆ ಮೇಲಿದೆ. ಮನೆಯ ಯಾವ ಮೂಲೆಯಲ್ಲಿ ಸುಣ್ಣದ ಪದರಗಳ ಕೆಳಗೆ ಏನು ಉಳಿದಿದೆಯೋ ಬಲ್ಲವರಾರು? ಅಂಗೈಯಗಲ ಜಾಗದಲ್ಲಿ ಮೊದಲು ಮೆಲ್ಲಗೆ ಪದರ ಬಿಡಿಸಿ ನೋಡಬೇಕು. ಮಾಲೀಕರು ಕೆಡವಲು ಹೊರಟಿದ್ದ ಹಳೆ ಮನೆಗಳನ್ನು ವಿಜಯನಾಥ ಶೆಣೈಯವರು ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. ಸ್ವಂತ ಮನೆಗೆ ಕೈ ಹಾಕುವ ಮುನ್ನ ಒಮ್ಮೆ ಅಲ್ಲಿ ಸುತ್ತಾಡಿ ಬಂದರೆ ಕಣ್ಣು ತೆರೆಯುತ್ತದೆ.

ಬಾಗಿಲು, ಕಿಟಕಿಗಳ ಹಳೆ ಆಯಿಲ್ ಪೇಂಟಿನ ವಿಷಯದಲ್ಲಿ ಎಚ್ಚರ ಬೇಕು. ಮನೆ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗದಲ್ಲಿ 90 ಭಾಗ ಮೀರಬಾರದೆಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿದರೆ ಸೀಸದ ಧೂಳು ಏಳಬಹುದು. ಅದು ಮಕ್ಕಳ ಮಿದುಳಿಗೆ ವಿಷ. ನೀರು ಚಿಮುಕಿಸಿಕೊಂಡು ಉಜ್ಜಬೇಕು, ಮಕ್ಕಳನ್ನೂ ಬಸುರಿಯರನ್ನೂ ದೂರ ಇಡಬೇಕು.

ಕೆಲಸದ ಕ್ರಮ

ದೀಪಾವಳಿ ಕಳೆದ ಮೇಲೆ ಶುರುಮಾಡಿ, ಮೃಗಶಿರಾ ಮಳೆಗೆ ಬಹಳ ಮೊದಲೇ ಮುಗಿಸುವುದು ಒಳ್ಳೆಯದು. ಮೊದಲು ಹೆಂಚು, ತಾರಸಿ, ದಂಬೆ. ಆಮೇಲೆ ಅಂಗಳ: ವರ್ಷ ವರ್ಷ ಮಣ್ಣು ತುಂಬಿ, ಇಂಟರ್‌ಲಾಕ್ ಹಾಸಿ ಹೊರಗಿನ ನೆಲ ಏರಿದ್ದರೆ ಅದನ್ನು ತಗ್ಗಿಸಿ, ನೀರು ಗೋಡೆಯಿಂದ ದೂರ ಹರಿಯುವಂತೆ ಮಾಡಬೇಕು. ಅನಂತರ ಗೋಡೆ ತಟ್ಟಿ, ಟೊಳ್ಳು ಸದ್ದು ಬರುವ ಕಡೆ ಮಾತ್ರ ಕೆತ್ತಿ ಸುಣ್ಣದ ಗಾರೆ ಹಾಕಬೇಕು. ಅದು ಪೂರ್ತಿ ಆರಿದ ಮೇಲೆ ಗೋಡೆ ತೇವ ಮಾಡಿಕೊಂಡು, ಬಟ್ಟೆಯಲ್ಲಿ ಸೋಸಿದ ಸುಣ್ಣವನ್ನು ತೆಳ್ಳಗೆ ಎರಡು ಮೂರು ಸಲ ಬಳಿಯಬೇಕು. ಬಣ್ಣ ಬೇಕೆಂದರೆ ಕಾವಿ, ಹಳದಿ ಮಣ್ಣು, ನೀಲಿ ಸುಣ್ಣಕ್ಕೆ ಹೊಂದುತ್ತವೆ. ಹರಳು ಸುಣ್ಣ ಅರಳಿಸುವವರು ಕನ್ನಡಕ, ಕೈಗವಸು ಮರೆಯಬಾರದು.

ಸುಣ್ಣದ ಗಾರೆಯ ಹದ ಬಲ್ಲವರು ಈಗಲೂ ಊರೂರಲ್ಲಿ ಒಬ್ಬಿಬ್ಬರು ಸಿಗುತ್ತಾರೆ, ಹೆಚ್ಚಿನವರು ವಯಸ್ಸಾದವರು. ಅವರನ್ನು ಹುಡುಕಿ ಕೆಲಸ ಕೊಡಿ, ಜತೆಗೊಬ್ಬ ಹುಡುಗನನ್ನು ಕಲಿಯಲು ಬಿಡಿ. ಕೂಲಿ ಹೆಚ್ಚು ಕೇಳಿದರೂ ಚೌಕಾಸಿ ಬೇಡ, ಆ ವಿದ್ಯೆ ಅಂಗಡಿಯಲ್ಲಿ ಸಿಗದು. ಹಳೆ ಮನೆಗೆ ದುಡ್ಡು ಹಾಕುವವರು ಇಷ್ಟು ನೆನಪಿಟ್ಟರೆ ಸಾಕು: ಮೊದಲ ರೂಪಾಯಿ ಸೂರಿಗೆ, ಕೊನೆಯದು ಬಣ್ಣಕ್ಕೆ.