ಹಿಂದೆ ಸರಿದವರೆಲ್ಲ ಸೋತವರಲ್ಲ

ಸೇನೆಯೊಂದು ಹಿಂದೆ ಸರಿದರೆ ಆ ರಾಷ್ಟ್ರದ ಸಂಕಲ್ಪವೇ ಕುಸಿಯಿತೆಂದು ಭಾವಿಸುವುದು ವಾಡಿಕೆ. 2021ರ ಫೆಬ್ರುವರಿಯಲ್ಲಿ ಪ್ಯಾಂಗಾಂಗ್ ಸರೋವರದ ದಂಡೆಯಿಂದ ಭಾರತ ಮತ್ತು ಚೀನಾದ ಪಡೆಗಳು ಹಿಂದೆ ಸರಿದಾಗಲೂ, ಅದೇ ಆಗಸ್ಟ್‌ನಲ್ಲಿ ಅಮೆರಿಕ ಕಾಬೂಲನ್ನು ತೊರೆದಾಗಲೂ ಈ ಮಾತು ಕೇಳಿಬಂತು. ಇದನ್ನು ಒರೆಗೆ ಹಚ್ಚಲು ದೂರ ಹೋಗಬೇಕಿಲ್ಲ. ನಮ್ಮ ದೇವನಹಳ್ಳಿಯ ಕೋಟೆ ಕಂಡ ಯುದ್ಧವೇ ಸಾಕು.

1791ರ ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸ್, ನಿಜಾಮನ ಕುದುರೆ ಪಡೆಯನ್ನು ಕೂಡಿಕೊಳ್ಳಲು ಉತ್ತರಕ್ಕೆ ನಡೆದ. ಟಿಪ್ಪು ಹುಟ್ಟಿದ ದೇವನಹಳ್ಳಿ ಆಗ ಅವನ ವಶವಾಯಿತು. ಮೇ 15ರಂದು ಅರಕೆರೆಯ ಕಾಳಗದಲ್ಲೂ ಅವನೇ ಗೆದ್ದ. ಶ್ರೀರಂಗಪಟ್ಟಣ ಕಣ್ಣೆದುರಿಗಿತ್ತು. ಆದರೆ ದಾರಿಯ ಮೇವು, ದವಸಗಳನ್ನು ಟಿಪ್ಪುವಿನ ಸೈನ್ಯ ಮೊದಲೇ ನಾಶಮಾಡಿತ್ತು. ಮಳೆ ಹಿಡಿಯಿತು, ಎತ್ತುಗಳು ಸಾಯತೊಡಗಿದವು. ಎಳೆಯಲಾಗದ ಭಾರಿ ಫಿರಂಗಿಗಳನ್ನು ತಾನೇ ಕೆಡಿಸಿ ಆತ ಬೆಂಗಳೂರಿನತ್ತ ಹಿಮ್ಮೆಟ್ಟಿದ. ಹತ್ತು ವರ್ಷಗಳ ಹಿಂದೆ ಯಾರ್ಕ್‌ಟೌನಿನಲ್ಲಿ ಶರಣಾಗಿದ್ದ ಸೇನಾನಿಯ ಕಥೆ ಇಲ್ಲಿಗೆ ಮುಗಿಯಿತೆಂದು ಯಾರಾದರೂ ಎಣಿಸಿದ್ದರೆ ಅಚ್ಚರಿಯಿಲ್ಲ.

ಕೊರತೆಯಾಗಿದ್ದುದು ಎತ್ತು ಮತ್ತು ಧಾನ್ಯ ಮಾತ್ರ. ಮುಂದಿನ ತಿಂಗಳುಗಳಲ್ಲಿ ಆತ ಸರಬರಾಜಿನ ಮಾರ್ಗಗಳನ್ನು ಭದ್ರಪಡಿಸಿಕೊಂಡ. ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರಿನಲ್ಲಿ ಸಾವನದುರ್ಗ ಬಿದ್ದವು. 1792ರ ಫೆಬ್ರುವರಿಯಲ್ಲಿ ಮತ್ತೆ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ. ಮಾರ್ಚ್‌ನ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟ, 3.30 ಕೋಟಿ ರೂಪಾಯಿ ತೆರಲು ಒಪ್ಪಿದ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಮಳೆಗಾಲದಲ್ಲಿ ಹಟ ಹಿಡಿದು ಕುಳಿತಿದ್ದರೆ ಕಾರ್ನ್‌ವಾಲಿಸ್ ತನ್ನ ಸೈನ್ಯವನ್ನೇ ಕಳೆದುಕೊಳ್ಳಬಹುದಿತ್ತು.

ಹಾಗೆಂದು ಎಲ್ಲ ಹಿಂತೆಗೆತವೂ ಜಾಣ್ಮೆಯೆಂದು ನಾನು ವಾದಿಸುತ್ತಿಲ್ಲ. 1987ರಲ್ಲಿ ಶ್ರೀಲಂಕಾಕ್ಕೆ ಹೋದ ಭಾರತದ ಶಾಂತಿಪಾಲನಾ ಪಡೆ ಸಾವಿರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡು 1990ರ ಮಾರ್ಚ್‌ನಲ್ಲಿ ಮರಳಿತು. ಅದನ್ನು ಸ್ವಾಗತಿಸಲು ತಮಿಳುನಾಡಿನ ಅಂದಿನ ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ಆ ಕಾರ್ಯಾಚರಣೆ ನಮ್ಮ ಪ್ರತಿಷ್ಠೆಗೆ ಕುಂದು ತಂದದ್ದು ನಿಜ. ಆದರೆ ಶಾಂತಿ ಕಾಯಲು ಹೋದ ಪಡೆ, ಯಾರನ್ನು ನಿಶ್ಶಸ್ತ್ರಗೊಳಿಸಬೇಕಿತ್ತೋ ಅವರೊಡನೆಯೇ ಯುದ್ಧಕ್ಕೆ ಸಿಲುಕಿದಾಗಲೇ ಆ ಕುಂದು ಆರಂಭವಾಗಿತ್ತು. ಇನ್ನೆರಡು ವರ್ಷ ಅಲ್ಲೇ ಉಳಿದಿದ್ದರೆ ಶವಪೆಟ್ಟಿಗೆಗಳು ಹೆಚ್ಚುತ್ತಿದ್ದವೇ ಹೊರತು ಗೌರವ ಹೆಚ್ಚುತ್ತಿರಲಿಲ್ಲ.

ಆದ್ದರಿಂದ ಸೇನೆ ಹಿಂದೆ ಸರಿದಾಗ ಪ್ರಜೆಗಳಾದ ನಾವು ಕೇಳಬೇಕಾದ ಪ್ರಶ್ನೆಗಳು ಬೇರೆ. ಹೋದದ್ದು ಯಾವ ಗುರಿಗಾಗಿ? ಮರಳಿದ ಮೇಲೆ ಸಿದ್ಧತೆ ಏನು? ಇವನ್ನು ಬಿಟ್ಟು ‘ನಮ್ಮನ್ನು ದುರ್ಬಲರೆಂದಾರು’ ಎಂಬ ಅಳುಕಿನಿಂದಲೇ ಯೋಧರನ್ನು ಗಡಿಯಾಚೆ ನಿಲ್ಲಿಸುವುದು, ನಮ್ಮ ಮಾನಕ್ಕೆ ಅವರ ಪ್ರಾಣದಿಂದ ಬೆಲೆ ತೆತ್ತಂತೆ. ಆ ಬೆಲೆಯನ್ನು ಕೇಳುವ ಹಕ್ಕು ಮನೆಯಲ್ಲಿ ಸುರಕ್ಷಿತವಾಗಿ ಕುಳಿತ ನಮಗಿಲ್ಲ.