ಗವಾಕ್ಷಶುದ್ಧಿ

ಶಾಲಾಕಟ್ಟಡಗಳಲ್ಲಿ ಗೋಡೆಗೆ ದೊರೆಯುವ ಉಪಚಾರ ಕಿಟಕಿಗೆ ದೊರೆಯುವುದಿಲ್ಲ. ವಾರ್ಷಿಕೋತ್ಸವವೋ ಜಾತ್ರೆಯೋ ಸಮೀಪಿಸಿತೆಂದರೆ ಗೋಡೆಗೆ ಸುಣ್ಣಬಣ್ಣವಾಗುತ್ತದೆ. ಆ ಸುಣ್ಣದ ಹನಿಗಳು ಗಾಜಿನ ಮೇಲೆ ಬಿದ್ದು, ಒಣಗಿ, ಮುಂದಿನ ಉತ್ಸವದವರೆಗೂ ಅಲ್ಲಿಯೇ ಉಳಿಯುತ್ತವೆ. ಹೀಗೆ ಹತ್ತು ವರ್ಷ ಕಳೆದ ಕಿಟಕಿ ಹೆಸರಿಗೆ ಮಾತ್ರ ಕಿಟಕಿ. ಸಂಸ್ಕೃತದ ‘ಗವಾಕ್ಷ’ವೆಂದರೆ ಗೋವಿನ ಕಣ್ಣು, ಇಂಗ್ಲಿಷಿನ ‘ವಿಂಡೋ’ ಹಳೆಯ ನಾರ್ಸ್ ಭಾಷೆಯಿಂದ ಬಂದ ಪದ, ಅದರ ಮೂಲಾರ್ಥ ಗಾಳಿಯ ಕಣ್ಣು. ಕನ್ನಡದ ‘ಬೆಳಕಿಂಡಿ’ ಮಾತ್ರ ಉಪಮೆಯ ಗೊಡವೆಗೆ ಹೋಗದೆ ಕೆಲಸವನ್ನೇ ಹೇಳಿಬಿಡುತ್ತದೆ. ಆ ಕೆಲಸ ಕೆಟ್ಟರೆ ಹಿಂದಿನ ಸಾಲಿನ ಹುಡುಗನಿಗೆ ಕರಿಹಲಗೆಯ ಅಕ್ಷರ ಕಾಣದು.

ಹಳೆಯ ಕೊಳೆಯನ್ನು ತೆಗೆಯಲು ಹೊರಟವರು ಕಪಾಟಿನಲ್ಲಿ ಕೈಗೆ ಸಿಕ್ಕಿದ ಸೀಸೆಯನ್ನು ಎತ್ತಿಕೊಳ್ಳುವುದು ರೂಢಿ. ಅಪಾಯವಿರುವುದು ಅಲ್ಲಿಯೇ. ರೋಗವನ್ನರಿಯದೆ ಔಷಧವನ್ನು ಕೊಡುವ ವೈದ್ಯನಿಗೂ, ಕಲೆ ಯಾವ ಬಗೆಯದೆಂದು ತಿಳಿಯದೆ ರಾಸಾಯನಿಕವನ್ನು ಸುರಿಯುವವನಿಗೂ ಹೆಚ್ಚಿನ ಭೇದವಿಲ್ಲ.

‘ಕಾಚ’ದ ತದ್ಭವವಾದ ಗಾಜು ಮರಳು, ಸೋಡಾ ಮತ್ತು ಸುಣ್ಣಗಳನ್ನು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ ಮಾಡಿದ ವಸ್ತು. ಅದರ ತೂಕದಲ್ಲಿ 100ಕ್ಕೆ 70ಕ್ಕಿಂತ ಹೆಚ್ಚು ಪಾಲು ಮರಳಿನ ಸಿಲಿಕವೇ. ಸಾಮಾನ್ಯ ಆಮ್ಲಗಳು ಅದನ್ನು ಬಾಧಿಸವು. ತೀಕ್ಷ್ಣವಾದ ಕ್ಷಾರಗಳು ನಿಧಾನವಾಗಿ ಕೊರೆಯುತ್ತವೆ. ಆದುದರಿಂದ ಕಾಸ್ಟಿಕ್ ಸೋಡಾ ಗಾಜಿನ ಬಳಿಗೆ ಸುಳಿಯಬಾರದು.

ನಮ್ಮ ನಾಡಿನ ಶಾಲೆಗಳ ಗಾಜಿಗೆ ಅಂಟುವ ಮುಖ್ಯ ಕಲೆ ಸುಣ್ಣದ್ದು. ಅದು ಎರಡು ದಾರಿಗಳಿಂದ ಬರುತ್ತದೆ. ಸುಣ್ಣ ಬಳಿಯುವಾಗ ಸಿಡಿದ ಹನಿ ಮೊದಲನೆಯದು. ಹಸಿಯಿರುವಾಗ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ; ಒಣಗಿದ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಲ್ಲಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಎರಡನೆಯದು. ಗೋಡೆಗೆ ನೀರುಣಿಸುವಾಗಲೋ ಗಿಡಗಳಿಗೆ ಪೈಪು ಹಿಡಿದಾಗಲೋ ಗಾಜಿನ ಮೇಲೆ ಸಿಡಿದ ನೀರು ಆರಿಹೋದರೂ ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿಯ ಉಂಗುರಗಳಾಗಿ ಉಳಿಯುತ್ತವೆ. ಇವೆರಡಕ್ಕೂ ಸೌಮ್ಯವಾದ ಆಮ್ಲವೇ ಮದ್ದು. ಅಂಗಡಿಯ ವಿನೆಗರಿನಲ್ಲಿ 100ಕ್ಕೆ 4ರಿಂದ 5 ಪಾಲು ಅಸಿಟಿಕ್ ಆಮ್ಲವಿರುತ್ತದೆ. ಅದಕ್ಕೆ ಸಮಪಾಲು ನೀರು ಬೆರೆಸಿ, ಅಥವಾ ಒಂದು ಲೀಟರು ನೀರಿನಲ್ಲಿ ಎರಡು ದೊಡ್ಡ ಚಮಚ ಸಿಟ್ರಿಕ್ ಆಮ್ಲದ ಹರಳುಗಳನ್ನು ಕರಗಿಸಿ, ಆ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕಲೆಯ ಮೇಲೆ ಹತ್ತು ಹದಿನೈದು ನಿಮಿಷ ಒತ್ತಿ ಅಂಟಿಸಿಡಬೇಕು. ಸಣ್ಣಗೆ ನೊರೆ ಎದ್ದರೆ ಅದು ಸುಣ್ಣವೆಂಬುದಕ್ಕೆ ಸಾಕ್ಷಿ. ಉಜ್ಜುವ ಬಲಕ್ಕಿಂತ ಕಾಯುವ ತಾಳ್ಮೆಯೇ ಇಲ್ಲಿ ಹೆಚ್ಚಿನ ಕೆಲಸ ಮಾಡುತ್ತದೆ. ಕಲೆ ದಪ್ಪವಾಗಿದ್ದರೆ ಮೂರು ನಾಲ್ಕು ಸಲ ಹೀಗೆ ಮಾಡಬೇಕಾದೀತು.

ಪ್ರಸಾದನಿಲಯದ ಅಡುಗೆಮನೆಯ ಕಿಟಕಿಯ ಸಂಗತಿಯೇ ಬೇರೆ. ಅಲ್ಲಿ ಒಗ್ಗರಣೆಯ ಎಣ್ಣೆಯ ಆವಿ ಮತ್ತು ಸೌದೆಯ ಮಸಿ ಸೇರಿ ಕಂದು ಬಣ್ಣದ ಪೊರೆಯಾಗಿರುತ್ತದೆ. ಇದಕ್ಕೆ ಆಮ್ಲ ನಾಟದು, ಕ್ಷಾರ ಬೇಕು. ಹಿಂದಿನವರು ಒಲೆಯ ಬೂದಿಯನ್ನೇ ಬಳಸುತ್ತಿದ್ದುದರಲ್ಲಿ ಶಾಸ್ತ್ರವಿತ್ತು; ಬೂದಿಯನ್ನು ದ್ರವದಲ್ಲಿ ಕದಡಿ, ಸೋಸಿ, ಕುದಿಸಿ ಕ್ಷಾರವನ್ನು ಪಡೆಯುವ ಕ್ರಮವನ್ನು ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿಯೇ ವಿವರಿಸಿದೆ. ಆದರೆ ಬೂದಿಯೊಳಗಿನ ಮರಳಿನ ಕಣ ಗಾಜನ್ನು ಗೀಚುತ್ತದೆ. ಒಂದು ಲೀಟರು ಬೆಚ್ಚನೆಯ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ, ಸ್ವಲ್ಪ ಸಾಬೂನು ಹಾಕಿಕೊಂಡರೆ ಸಾಕು. ಚೌಕಟ್ಟು ಅಲ್ಯೂಮಿನಿಯಮ್ಮಿನದಾದರೆ ಸೋಡಾ ಅದನ್ನು ಕಪ್ಪಾಗಿಸುವುದರಿಂದ ಸಾಬೂನಿನ ನೀರಿಗೇ ತೃಪ್ತಿಪಡಬೇಕು. ಎಣ್ಣೆಬಣ್ಣದ ಹನಿಗಳಿಗೆ ಟರ್ಪೆಂಟೈನ್ ಸಲ್ಲುತ್ತದೆ, ಬೆಂಕಿಯಿಂದ ದೂರವಿದ್ದು ಬಳಸಿದರೆ. ಅಂಟಿಸಿದ ಕಾಗದಕ್ಕೆ ನೀರಿನಲ್ಲಿ ನೆನೆಸುವುದಕ್ಕಿಂತ ಮಿಗಿಲಾದ ಉಪಾಯವಿಲ್ಲ.

ಇಷ್ಟರಿಂದ ತೃಪ್ತಿಯಾಗದೆ ‘ಆ್ಯಸಿಡ್ ಹಾಕಿ, ಒಂದೇ ಏಟಿಗೆ ಹೋಗುತ್ತದೆ’ ಎನ್ನುವ ಸಲಹೆಗಾರರು ಎಲ್ಲೆಡೆಯೂ ಇದ್ದಾರೆ. ಅವರು ಹೇಳುವ ಆ್ಯಸಿಡ್ ಹೈಡ್ರೋಕ್ಲೋರಿಕ್ ಆಮ್ಲ. ಸುಣ್ಣದ ಕಲೆ ಹೋಗುವುದು ನಿಜ. ಆದರೆ ಕಿಟಕಿಯ ಕೆಳಗಿನ ನೆಲವನ್ನೂ ನೋಡಬೇಕು. ಉತ್ತರ ಕರ್ನಾಟಕದ ಹಳೆಯ ಶಾಲೆಗಳ ನೆಲಕ್ಕೆ ಹಾಸಿರುವ ಶಹಾಬಾದ ಕಲ್ಲು ಸುಣ್ಣಕಲ್ಲಿನ ಜಾತಿಗೆ ಸೇರಿದುದು. ಗಾಜಿನ ಮೇಲಿನ ಕಲೆಯೂ ಆ ಕಲ್ಲೂ ರಾಸಾಯನಿಕವಾಗಿ ಒಂದೇ ಕುಲ. ಕಲೆಯನ್ನು ತಿನ್ನುವ ಆಮ್ಲ ಕಲ್ಲನ್ನು ಬಿಟ್ಟೀತೆ? ದಾನಿಗಳು ಹಾಸಿಸಿದ ನೆಲದ ಮೇಲೆ ತೊಟ್ಟಿಕ್ಕಿದಲ್ಲೆಲ್ಲ ಅಳಿಸಲಾಗದ ಬಿಳಿಯ ಗಾಯವಾಗುತ್ತದೆ. ಕಬ್ಬಿಣದ ಸರಳುಗಳು ತುಕ್ಕು ಹಿಡಿಯುತ್ತವೆ. ಗಾಜನ್ನು ಹಿಡಿದು ನಿಲ್ಲಿಸಿರುವ ಹಳೆಯ ಪುಟ್ಟಿ ಸೀಮೆಸುಣ್ಣದ ಪುಡಿ ಮತ್ತು ಅಗಸೆ ಎಣ್ಣೆಗಳ ಮಿಶ್ರಣವಾದುದರಿಂದ ಅದೂ ಸಡಿಲಾಗಿ, ಒಂದು ದಿನ ಗಾಜೇ ಕಳಚಿ ಬೀಳುತ್ತದೆ. ಆಮ್ಲದ ಹೊಗೆ ಕೆಲಸಗಾರನ ಗಂಟಲನ್ನು ಸುಡುವುದು ಬೇರೆ.

ಇದಕ್ಕಿಂತಲೂ ಘೋರವಾದುದು ಮಿಶ್ರಣ. ಶೌಚಾಲಯ ತೊಳೆಯುವ ದ್ರವಗಳಲ್ಲಿ ಸಾಮಾನ್ಯವಾಗಿ ಇದೇ ಆಮ್ಲವಿರುತ್ತದೆ. ನೀರಿನ ತೊಟ್ಟಿಗೆ ಹಾಕುವ ಬ್ಲೀಚಿಂಗ್ ಪುಡಿ ಬಹುತೇಕ ಶಾಲೆಗಳಲ್ಲಿ ಅದೇ ಕಪಾಟಿನಲ್ಲಿರುತ್ತದೆ. ಎರಡೂ ಸೇರಿದರೆ ಹೆಚ್ಚು ಶುಭ್ರವಾದೀತೆಂಬುದು ಅಜ್ಞಾನ. ಆಗ ಹುಟ್ಟುವುದು ಕ್ಲೋರಿನ್ ಅನಿಲ. ಸ್ವೀಡನ್ನಿನ ಔಷಧಜ್ಞ ಕಾರ್ಲ್ ವಿಲ್ಹೆಲ್ಮ್ ಷೀಲೆ 1774ರಲ್ಲಿ ಅದನ್ನು ಮೊದಲು ತಯಾರಿಸಿದನು; 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಅದನ್ನೇ ಕಂದಕಗಳತ್ತ ಹರಿಯಬಿಟ್ಟು ಸೈನಿಕರ ಉಸಿರು ಕಟ್ಟಿಸಿತು. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ ಈ ಅನಿಲ ನೆಲಕ್ಕೆ ಇಳಿಯುತ್ತದೆ. ನೆಲ ಒರೆಸುತ್ತ ಕುಳಿತವರಿಗೂ ಚಿಕ್ಕ ಮಕ್ಕಳಿಗೂ ಅದು ಮೊದಲು ತಗಲುವುದು ಇದರಿಂದಲೇ. ಗಾಜು ಒರೆಸುವ ಸಿದ್ಧದ್ರವಗಳಲ್ಲಿ ಕೆಲವಕ್ಕೆ ಅಮೋನಿಯಾ ಬೆರೆತಿರುತ್ತದೆ. ಬ್ಲೀಚಿಂಗ್ ಪುಡಿಯೊಡನೆ ಅದೂ ವಿಷವಾಯುವನ್ನೇ ಹೆರುತ್ತದೆ. ಮೇಲೆ ಹೇಳಿದ ಸಾಧು ಸ್ವಭಾವದ ವಿನೆಗರಿಗೂ ಈ ಪುಡಿಯ ಸಹವಾಸ ಸಲ್ಲದು.

ಅದೇ ಷೀಲೆ 1771ರಲ್ಲಿ ಇನ್ನೊಂದು ಆಮ್ಲವನ್ನು ಪರೀಕ್ಷಿಸುವಾಗ ತನ್ನ ಗಾಜಿನ ಪಾತ್ರೆಯೇ ಸವೆದುದನ್ನು ಕಂಡನು. ಅದು ಹೈಡ್ರೋಫ್ಲೋರಿಕ್ ಆಮ್ಲ. ತುಕ್ಕು ತೆಗೆಯುವ ಕೆಲವು ದ್ರವಗಳಲ್ಲಿ ಅದು ಅಡಗಿರುತ್ತದೆ. ಗಾಜನ್ನು ಶಾಶ್ವತವಾಗಿ ಮಂಕಾಗಿಸುವುದಲ್ಲದೆ, ತೆಳುವಾಗಿದ್ದರೆ ಮೊದಲು ಉರಿಯೇ ಕಾಣದಂತೆ ಚರ್ಮದೊಳಗಿಳಿದು ರಕ್ತದ ಕ್ಯಾಲ್ಸಿಯಮ್ಮನ್ನು ಹೀರಿ ಪ್ರಾಣವನ್ನೇ ಅಪಹರಿಸಬಲ್ಲುದು. ಚೀಟಿಯ ಮೇಲೆ ಆ ಹೆಸರು ಕಂಡರೆ ಆ ಸೀಸೆ ಶಾಲೆಯ ಹೊಸ್ತಿಲು ದಾಟಬಾರದು.

ಎಷ್ಟು ತೊಳೆದರೂ ಹೋಗದ ಮಂಕೊಂದಿದೆ. ಒದ್ದೆಯಾಗಿ ಬಹುಕಾಲ ಬಿದ್ದಿದ್ದ ಗಾಜಿನೊಳಗಿನ ಸೋಡಾ ನೀರಿಗಿಳಿದು ಮೈಯೇ ಸವೆದಾಗ ಅದು ಉಂಟಾಗುತ್ತದೆ. ಇದು ಕಲೆಯಲ್ಲ, ಗಾಯ. ಸೀರಿಯಂ ಆಕ್ಸೈಡ್ ಎಂಬ ನುಣ್ಣನೆಯ ಪುಡಿಯಿಂದ ಬಹಳ ಹೊತ್ತು ತಿಕ್ಕಿದರೆ ತುಸು ತಿಳಿಯಾದೀತು. ಸಾಮಾನ್ಯ ಗಾಜಿಗೆ ಆ ಶ್ರಮಕ್ಕಿಂತ ಹೊಸ ಗಾಜು ಕೂಡಿಸುವುದೇ ಮಿತವ್ಯಯ.

ಈ ಕೆಲಸ ಯಾರದೆಂಬುದನ್ನು ಕಾರ್ಯದರ್ಶಿಗಳೂ ಮುಖ್ಯೋಪಾಧ್ಯಾಯರೂ ಸ್ಪಷ್ಟವಾಗಿ ನಿರ್ಧರಿಸಬೇಕು. ಶ್ರಮದಾನವೆಂದು, ಕಾಯಕವೆಂದು ಹುಡುಗರ ಕೈಗೆ ಆಮ್ಲದ ಬಟ್ಟೆಯನ್ನು ಕೊಡುವುದು ಆ ಮಾತಿಗೂ ಅಪಚಾರ, ಮಕ್ಕಳಿಗೂ ಅಪಚಾರ. ಜವಾನನಾದರೂ ರಬ್ಬರಿನ ಕೈಚೀಲ, ಕಣ್ಣಿಗೆ ಮುಚ್ಚುಕನ್ನಡಕ ಧರಿಸಿ, ಗಾಳಿಯಾಡುವಂತೆ ಬಾಗಿಲು ತೆರೆದು, ಸ್ಥಿರವಾದ ಏಣಿಯ ಮೇಲೆ ನಿಂತು ಮಾಡತಕ್ಕದ್ದು. ಪ್ರಯೋಗಾಲಯಕ್ಕೆಂದು ತರಿಸಿದ ಆಮ್ಲ ಅಲ್ಲಿಂದ ಹೊರಬರಲೇಬಾರದು. ಆಮ್ಲದ ಮಾರಾಟವನ್ನು ನಿಯಂತ್ರಿಸಿ 2013ರ ಜುಲೈ 18ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ಆದೇಶದಲ್ಲಿ, ಅದನ್ನು ಸಂಗ್ರಹಿಸುವ ವಿದ್ಯಾಸಂಸ್ಥೆಗಳು ಬಳಕೆಯ ದಾಖಲೆಪುಸ್ತಕವನ್ನಿಡಬೇಕೆಂದೂ ಅದರ ರಕ್ಷಣೆಗೆ ಒಬ್ಬರನ್ನು ಹೊಣೆಗಾರರನ್ನಾಗಿ ಮಾಡಬೇಕೆಂದೂ ವಿಧಿಸಿದೆ.

ಎಷ್ಟು ಎಚ್ಚರವಿದ್ದರೂ ಹನಿಯೊಂದು ಕಣ್ಣಿಗೆ ಸಿಡಿಯಬಹುದು. ಆಮ್ಲವಾಗಲಿ ಸುಣ್ಣವಾಗಲಿ, ರೆಪ್ಪೆಯನ್ನು ಬಿಡಿಸಿ ಹಿಡಿದು ಹರಿಯುವ ಶುದ್ಧ ನೀರಿನಿಂದ ಕನಿಷ್ಠ 20 ನಿಮಿಷ ತೊಳೆದು, ಬಳಿಕ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಎಣ್ಣೆ, ಜೇನು, ಹಾಲುಗಳ ಮನೆಮದ್ದಿಗೆ ಅಲ್ಲಿ ಎಡೆಯಿಲ್ಲ. ಸುಣ್ಣ ಆಮ್ಲಕ್ಕಿಂತಲೂ ಆಳವಾಗಿ ಕಣ್ಣನ್ನು ಸುಡುತ್ತದೆ. ಸುಣ್ಣ ಬಳಿಯುವ ದಿನ ಮಕ್ಕಳನ್ನು ಆ ಓಣಿಯಿಂದ ದೂರವಿರಿಸಬೇಕಾದುದು ಇದಕ್ಕಾಗಿ.

ಕಾಲವನ್ನೂ ಆರಿಸಿಕೊಳ್ಳಬೇಕು. ಬಿಸಿಲಿಗೆ ಕಾದ ಗಾಜಿನ ಮೇಲೆ ದ್ರವ ತಟ್ಟನೆ ಆರಿ ಹೊಸ ಕಲೆಯನ್ನೇ ಬಿಡುವುದರಿಂದ ಬೆಳಗಿನ ತಂಪು ಹೊತ್ತು, ಅದೂ ರಜೆಯ ದಿನ ಯೋಗ್ಯ. ಮೊದಲು ಬರಿಯ ನೀರಿನಿಂದ ಧೂಳನ್ನು ಇಳಿಸಿ, ಆಮೇಲೆ ಮದ್ದನ್ನು ಹಚ್ಚಿ, ಕಡೆಗೆ ಎರಡು ಮೂರು ಸಲ ನೀರಿನಿಂದ ತೊಳೆಯಬೇಕು. ಆ ಕಡೆಯ ನೀರು ಬೋರ್‌ವೆಲ್ಲಿನದಾಗದೆ ಸಂಗ್ರಹಿಸಿದ ಮಳೆನೀರಾದರೆ ಉಂಗುರಗಳು ಮರುಕಳಿಸವು. ಅಷ್ಟಾದ ಮೇಲೆ ಕೆಳಗಿನ ಸಾಲಿನ ಗಾಜುಗಳನ್ನು ಹಳೆಯ ವೃತ್ತಪತ್ರಿಕೆಯ ಹಾಳೆಯಿಂದ ಒರೆಸಿ ಹೊಳಪೇರಿಸುವ ಕೆಲಸವನ್ನು ಹುಡುಗರಿಗೆ ಧಾರಾಳವಾಗಿ ವಹಿಸಬಹುದು.